ಸೋಮಪ್ಪನಿಗೆ ನಾನು ಹಾಕಿದ ಶಿಕ್ಷೆ

ಸಭಾಪಾಲಕರ ಸಮ್ಮೇಳನದ ಕಾರ್ಯದರ್ಶಿಗಳು ನನಗೊಂದು ಪತ್ರ ಬರೆದಿದ್ದಾರೆ. ಈ ವರ್ಷ, ಅಂದರೆ 1946ರ ಡಿಸೆಂಬರಿನಲ್ಲಿ, ಹೊಸ ಪಾದ್ರಿಗಳ ಮುಂದೆ ಓದಲು ನಮ್ರತೆ ಮತ್ತು ಸರಳ ಜೀವನದ ಮೇಲೆ ನಾಲ್ಕು ಪುಟ ಬೇಕಂತೆ. ತಮ್ಮಂಥ ನಮ್ರ ಸೇವಕರು ಬರೆದರೇನೇ ಅದಕ್ಕೆ ತೂಕ ಎಂದು ಕೊನೆಯಲ್ಲಿ ಬೆಣ್ಣೆಯನ್ನೂ ಹಚ್ಚಿದ್ದಾರೆ. ಓದಿ ಮೈ ಉರಿಯಿತು. ಎಷ್ಟೋ ವರ್ಷದ ಹಿಂದೆ ಒಂದು ರವಿವಾರ ನಾನು ಗೋಕಾಕ ಫಾಲ್ಸಿನ ದೇವಾಲಯದಲ್ಲಿ ಸಭೆಯ ಮುಂದೆ ನಿಂತು ನನ್ನ ತಪ್ಪನ್ನು ಒಪ್ಪಿಕೊಂಡೆ. ಪಾದ್ರಿಯೊಬ್ಬ ಹಾಗೆ ಮಾಡಿದ್ದನ್ನು ಯಾರೂ ಕಂಡಿರಲಿಲ್ಲವಂತೆ. ಸುದ್ದಿ ಪತ್ರಿಕೆಯಲ್ಲಿ ಬಂತು, ಊರೂರಿಗೆ ಕರೆದು ನಮ್ರತೆಯ ಮೇಲೆ ಮಾತಾಡಿಸಿದರು. ನಾನೂ ಹೋದೆ, ಮಾತಾಡಿದೆ, ಹಾರ ಹಾಕಿಸಿಕೊಂಡೆ. ಅಂದು ದೇವಾಲಯದಲ್ಲಿ ನಡೆದದ್ದರ ಅರ್ಧ ಭಾಗ ಮಾತ್ರ ಪತ್ರಿಕೆಯಲ್ಲಿ ಬಂದಿತ್ತು. ಉಳಿದರ್ಧವನ್ನು ಈಗ ಬರೆದುಬಿಡುತ್ತೇನೆ.

ಸೋಮಪ್ಪ ಬೆಲ್ಲದ ಬಾಗೇವಾಡಿಯ ಸಮಗಾರರವನು. ನನಗಿಂತ ಇಪ್ಪತ್ತೈದು ವರ್ಷ ದೊಡ್ಡವನು. ಆದರೂ ಏಕವಚನದಲ್ಲೇ ಬರೆಯುತ್ತಿದ್ದೇನೆ. ಆಗ ಹಾಗೆ ಕರೆಯುತ್ತಿದ್ದೆ; ಈಗ ಹೆಸರಿಗೆ ‘ಅವರು’ ಹಚ್ಚಿ ಮೆರೆಸಿದರೆ ಅದೂ ಒಂದು ನಾಟಕವಾದೀತು.

ಹರೆಯದಲ್ಲಿ ಅವನು ಹೆಂಡತಿ ಮರೆವ್ವನನ್ನು ಕರೆದುಕೊಂಡು ಫಾಲ್ಸಿಗೆ ಬಂದು, ಗಿರಣಿಯ ದೊಡ್ಡ ಬಾಗಿಲೆದುರು ಬೇವಿನ ಮರದ ಬುಡದಲ್ಲಿ ಉಳಿ, ಚರ್ಮ ಕೊಯ್ಯುವ ರಂಪಿಗೆ ಹರವಿಕೊಂಡು ಕೂತ. ಪಾಳಿ ಬಿಟ್ಟು ಬರುವ ಕೂಲಿಗಳ ಚಪ್ಪಲಿ ಹೊಲಿಯುವುದೇ ಕೆಲಸ. ಒಂದು ದಿನ ಮುದುಕರಾದ ಒಬ್ಬ ಬೋಧಕರ ಚಪ್ಪಲಿಯ ಉಂಗುಟ ಕಿತ್ತು ಬಂತು. ಅದನ್ನು ಇವನು ಹೊಲಿಯುವಷ್ಟು ಹೊತ್ತು ಅವರು ಒಂಟಿಕಾಲಲ್ಲಿ ನಿಂತು ಸುವಾರ್ತೆಯ ಒಂದು ಪುಟ ಓದಿದರಂತೆ. ಮುಂದಿನ ಪುಟ ಏನಿದೆಯೆಂದು ತಿಳಿಯುವ ಆಸೆಯಿಂದ ಸೋಮಪ್ಪ ಅವರ ಇನ್ನೊಂದು ಚಪ್ಪಲಿಯನ್ನೂ ಕೇಳಿ ಇಸಿದುಕೊಂಡು, ಚೆನ್ನಾಗಿದ್ದ ಹೊಲಿಗೆಯನ್ನೇ ಬಿಚ್ಚಿ ಮತ್ತೆ ಹೊಲಿದನಂತೆ. ನಲವತ್ತು ದಾಟಿದ ಮೇಲೆ ಅಕ್ಷರ ಕಲಿತ. ಗಂಡ ಹೆಂಡತಿ ಇಬ್ಬರೂ ದೀಕ್ಷಾಸ್ನಾನ ಮಾಡಿಸಿಕೊಂಡರು.

ನನಗಿಂತ ಮೊದಲಿದ್ದ ಪಾದ್ರಿಗಳು ಅವನ ಗುಣ ನೋಡಿ ಸುವಾರ್ತಿಕನ ಕೆಲಸಕ್ಕೆ ಹಚ್ಚಿದರು. ಮಿಶನ್ ಕಂಪೌಂಡಿನಲ್ಲಿ ಹೆಂಚಿನ ಮನೆ, ತಿಂಗಳ ಪಗಾರ ಎರಡನ್ನೂ ಕೊಡಲು ಬಂದರು. ಕೈಯಲ್ಲಿ ಕಸುಬಿದೆ, ಹೊಟ್ಟೆಗೆ ಸಾಕು, ಆ ಮನೆಯಲ್ಲಿ ಸಾಲೆ ನಡೆಸಿರಿ ಎಂದು ಹೇಳಿ ಅವನು ತನ್ನ ಗುಡಿಸಲಲ್ಲೇ ಉಳಿದ. ವಾರಕ್ಕೆ ಮೂರು ದಿನ ಬೇವಿನ ಮರದ ಕೆಳಗೆ. ಇನ್ನು ಮೂರು ದಿನ ಹೆಗಲಿಗೆ ಚೀಲ ಹಾಕಿಕೊಂಡು ಒಮ್ಮೆ ಹುಕ್ಕೇರಿ, ಹತ್ತರಗಿ ಕಡೆ, ಒಮ್ಮೆ ಮೂಡಲಗಿ ಕಡೆ ನಡೆದುಹೋಗುವುದು. ತಮ್ಮ ಜಗಲಿ ಹತ್ತಗೊಡದ ಗೌಡರೂ ಅಗಸಿಯ ಹತ್ತಿರ ಅವನ ಮುಂದೆ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಲ್ಲುತ್ತಿದ್ದರು. ನಾವು ಗಂಟಲು ಹರಿದುಕೊಂಡರೂ ಜನ ಸೇರುವುದಿಲ್ಲ, ನಿನ್ನ ಮಾತು ಹೇಗೆ ಕೇಳುತ್ತಾರೆ ಎಂದು ನಾನು ಒಮ್ಮೆ ಕೇಳಿದೆ.

“ಕಾಲ್ಮರಿ ಹರದಾಂವ ಎಲ್ಲಿಗಿ ಓಡಿ ಹೋಗತಾನ್ರಿ ಸಾಹೇಬ್ರ?” ಅಂದ. “ಹೊಲದು ಕೊಡೂತನಾ ನಿಂತು ಕೇಳಾಕಬೇಕು.”

ಅದು ತಮಾಷೆಯ ಮಾತು. ನಾನು ನಗಲಿಲ್ಲ.

ನಾನು ಫಾಲ್ಸಿಗೆ ಬಂದದ್ದು 1924ರಲ್ಲಿ, ಬೂಟು, ಕೋಟು, ಹ್ಯಾಟು ಸಮೇತ. ಜೊತೆಗೊಂದು ಬೆತ್ತದ ಕುರ್ಚಿ. ಹಳ್ಳಿಗೆ ಹೋದರೆ ಪಾದ್ರಿ ನೆಲದ ಮೇಲೆ ಕೂರಬಾರದು, ಕೂತರೆ ದೇವರ ವಾಕ್ಯದ ಬೆಲೆ ಇಳಿಯುತ್ತದೆ ಎಂದು ಯಾರು ನನ್ನ ತಲೆಗೆ ತುಂಬಿದ್ದರೋ ಕಾಣೆ. ಯಾರೂ ತುಂಬಿರಲಿಕ್ಕಿಲ್ಲ, ನನ್ನದೇ ಬುದ್ಧಿ. ನಾನು ತಟ್ಟು ಕುದುರೆಯ ಮೇಲೆ ಮುಂದೆ, ಅರವತ್ತು ದಾಟಿದ ಸೋಮಪ್ಪ ಆ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಹಿಂದೆ. ಹೀಗೆ ಎಷ್ಟು ಊರು ತಿರುಗಿದೆವೋ ಲೆಕ್ಕವಿಲ್ಲ. ಒಂದು ದಿನವೂ ಅವನು ಮುಖ ಗಂಟಿಕ್ಕಲಿಲ್ಲ. ಬಿಸಿಲಿಗೆ ಕುರ್ಚಿಯೇ ಛತ್ರಿ ಆಗುತ್ತದೆ ಎನ್ನುತ್ತಿದ್ದ.

ಒಮ್ಮೆ ಅವನ ಹುಟ್ಟೂರು ಬಾಗೇವಾಡಿಗೆ ಹೋದೆವು. ಓಣಿಯ ನಡುವೆ ನಾನು ಕುರ್ಚಿಯ ಮೇಲೆ, ಜನ ನೆಲದ ಮೇಲೆ. ಒಂದು ತಾಸು ಬೋಧಿಸಿದೆ. ಒಬ್ಬನೂ ತುಟಿ ಬಿಚ್ಚಲಿಲ್ಲ. ನನ್ನ ಬೋಧನೆ ಮನಸ್ಸಿಗೆ ನಾಟಿತು ಎಂದು ಹಿಗ್ಗಿ ಬಾವಿಯ ಕಡೆ ಕೈಕಾಲು ತೊಳೆಯಲು ಹೋದೆ. ತಿರುಗಿ ಬರುವಾಗ ಓಣಿಯ ತುಂಬ ನಗೆ, ಮಾತು. ಸೋಮಪ್ಪ ಒಬ್ಬ ಮುದುಕಿಯ ಚಪ್ಪಲಿ ಹೊಲಿಯುತ್ತ ಕೂತಿದ್ದ, ಸುತ್ತಲೂ ಹೆಂಗಸರು ಗಂಡಸರು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು ಪ್ರಶ್ನೆ ಕೇಳುತ್ತಿದ್ದರು. ಸತ್ತ ಮಗುವಿಗೆ ದೇವರು ಏನು ಮಾಡುತ್ತಾನೆ ಎಂದು ಒಬ್ಬಳು ಅಳುತ್ತ ಕೇಳುತ್ತಿದ್ದಳು. ನನ್ನನ್ನು ಕಂಡದ್ದೇ ಎಲ್ಲರೂ ಸರಿದು ಕೂತು ಸುಮ್ಮನಾದರು. ಖರೆ ಹೇಳುತ್ತೇನೆ, ನನಗೆ ಹೊಟ್ಟೆಕಿಚ್ಚಾಯಿತು. ಮುಂದೆ ಮಾಡಿದ್ದಕ್ಕೆಲ್ಲ ನಾನು ಕೊಟ್ಟ ಕಾರಣ ಬೇರೆ, ಮೂಲ ಇದು.

ಫಾಲ್ಸಿನಲ್ಲಿ ತಿಂಗಳ ಮೊದಲ ರವಿವಾರ ಕರ್ತನ ಭೋಜನ. ರೊಟ್ಟಿಯ ತುಣುಕು, ದ್ರಾಕ್ಷಾರಸದ ಪಾತ್ರೆ ಇಷ್ಟೇ ಆದರೂ ನಮ್ಮ ಜನಕ್ಕೆ ಅದಕ್ಕಿಂತ ದೊಡ್ಡದು ಬೇರೆ ಇರಲಿಲ್ಲ. ಊರ ಬಾವಿಗೆ ಬರಗೊಡದವರು, ಹೋಟೆಲಿನಲ್ಲಿ ಬೇರೆ ಕಪ್ಪಿನಲ್ಲಿ ಚಹ ಕುಡಿಯಬೇಕಾದವರು ಅಲ್ಲಿ ಒಂದೇ ಪಾತ್ರೆಗೆ ತುಟಿ ಹಚ್ಚುತ್ತಿದ್ದರು. ಅದಕ್ಕಾಗಿ ಮೂಡಲಗಿ ಕಡೆಯಿಂದಲೂ ಹಿಂದಿನ ದಿನವೇ ನಡೆದು ಬರುತ್ತಿದ್ದರು. ಚಪ್ಪಲಿಯನ್ನು ಮೆಟ್ಟಿಲ ಹತ್ತಿರ ಬಿಟ್ಟು ಒಳಗೆ ಬರುವುದು ರೂಢಿ. ಸೋಮಪ್ಪ ಹೊಸ್ತಿಲ ಹತ್ತಿರ ಕೂರುತ್ತಿದ್ದ. ಆರಾಧನೆ ಮುಗಿದದ್ದೇ ದೂರದವರು ತಿರುಗಿ ದಾರಿ ಹಿಡಿಯಬೇಕಲ್ಲ, ಹರಿದದ್ದು ಕಂಡರೆ ಸದ್ದಿಲ್ಲದೆ ಎಳೆದುಕೊಂಡು ನಾಲ್ಕು ಹೊಲಿಗೆ ಹಾಕಿ ಇಟ್ಟುಬಿಡುತ್ತಿದ್ದ. ಅದಕ್ಕೆ ಅವನು ಏನೂ ಇಸಿದುಕೊಳ್ಳುತ್ತಿರಲಿಲ್ಲ. ಇದು ಸಭೆಗೆಲ್ಲ ಗೊತ್ತಿತ್ತು, ನನ್ನ ಕಣ್ಣಿಗೆ ಬೀಳಲು ನಾಲ್ಕು ವರ್ಷ ಬೇಕಾಯಿತು.

1928ರ ಫೆಬ್ರುವರಿಯ ಭೋಜನದ ರವಿವಾರ. ಮಾರ್ಥ, ಮರಿಯರ ಮೇಲೆ ಪ್ರಸಂಗ ಮಾಡುತ್ತಿದ್ದೆ. ಸ್ವಾಮಿ ಮನೆಗೆ ಬಂದಾಗ ಮರಿಯ ಪಾದದ ಬಳಿ ಕೂತು ಮಾತು ಕೇಳುತ್ತಾಳೆ, ಮಾರ್ಥ ಕೆಲಸದ ಗಡಿಬಿಡಿಯಲ್ಲಿರುತ್ತಾಳೆ. ಅಷ್ಟರಲ್ಲಿ ಬಾಗಿಲ ಹತ್ತಿರ ಉಳಿ ಮಿಂಚಿತು. ಮೂಡಲಗಿಯ ಯಮನವ್ವ ಎಂಬ ಮುದುಕಿಯ ಚಪ್ಪಲಿ ಸೋಮಪ್ಪನ ತೊಡೆಯ ಮೇಲಿತ್ತು. ನಾನು ಮಾತು ನಿಲ್ಲಿಸಿ ಬೆರಳು ತೋರಿಸಿ, “ನೋಡಿರಿ, ನಮ್ಮ ಸಭೆಯಲ್ಲೂ ಒಬ್ಬ ಮೀಸೆಯ ಮಾರ್ಥ ಇದ್ದಾನೆ” ಎಂದೆ. ಜನ ನಕ್ಕರು. ಸೋಮಪ್ಪನೂ ನಕ್ಕ. ಅವನು ನಕ್ಕದ್ದು ನನಗೆ ಇನ್ನೂ ಸಿಟ್ಟು ತಂದಿತು.

ಮುಗಿದ ಮೇಲೆ ಹಿರಿಯರ ಮುಂದೆ ಅವನನ್ನು ಕರೆಸಿದೆ. ನಾನು ಏನು ಬೋಧಿಸಿದೆ ಹೇಳು ನೋಡೋಣ ಎಂದೆ. ಮುಕ್ಕಾಲು ತಾಸಿನ ಪ್ರಸಂಗವನ್ನು ಅವನು ನಾಲ್ಕೇ ಮಾತಿನಲ್ಲಿ ಹೇಳಿದ, ನನಗಿಂತ ಚೆನ್ನಾಗಿ ಹೇಳಿದ. ಹಿರಿಯರಲ್ಲಿ ಒಬ್ಬನಾದ ಹೊಳೆಪ್ಪ, ಗಿರಣಿಯ ಮೇಸ್ತ್ರಿ, ಮೀಸೆಯೊಳಗೇ ನಕ್ಕದ್ದು ನನಗೆ ಕಂಡಿತು. ನಾನು ನಿಯಮದ ಪುಸ್ತಕ ತೆಗೆದೆ. ಸಬ್ಬತ್ ದಿನ, ಅಂದರೆ ರವಿವಾರ, ಕಸುಬು ಮಾಡಿದವನನ್ನು ಕರ್ತನ ಭೋಜನದಿಂದ ದೂರ ಇಡಬಹುದು. ಅವನು ಸಭೆಯ ಮುಂದೆ ನಿಂತು ತಪ್ಪಾಯಿತು ಎಂದ ದಿನ ಶಿಕ್ಷೆ ತೆಗೆಯಬೇಕು. ಶಿಕ್ಷೆ ಹಾಕಿದ್ದೇ ತಪ್ಪಾಗಿದ್ದರೆ ಪಾದ್ರಿಯೇ ಸಭೆಯ ಮುಂದೆ ಹಾಗೆಂದು ಹೇಳಿ ತೆಗೆಯಬೇಕು. ಈ ಎರಡನೆಯದನ್ನು ನಾನು ಅಂದು ಓದಿ ಹೇಳಲಿಲ್ಲ.

ಮುಂದಿನ ರವಿವಾರವೇ ತಪ್ಪಾಯಿತು ಎಂದುಬಿಡು, ಮುಗಿದುಹೋಗುತ್ತದೆ ಎಂದೆ. ನಮ್ರ ಮನುಷ್ಯ, ತಕ್ಷಣ ಕೈಮುಗಿಯುತ್ತಾನೆ ಎಂದುಕೊಂಡಿದ್ದೆ.

“ಅನ್ನಾಕ ಬರೂದಿಲ್ರಿ ಸಾಹೇಬ್ರ” ಅಂದ, ತಲೆ ತಗ್ಗಿಸಿಕೊಂಡೇ. “ತಪ್ಪಾತು ಅಂದು, ಬರೂ ತಿಂಗಳ ಯಮನವ್ವನ ಕಾಲಾಗ ರಕ್ತ ನೋಡಿ ಮತ್ತ ಹೊಲದ್ನೆಂದ್ರ, ದೇವರ ಮುಂದ ಎಲ್ಡು ತಪ್ಪ ಆಗತಾವು. ಶಿಕ್ಷಾ ಹಾಕ್ರಿ, ನಾ ಹೊರಗ ಕುಂಡ್ರತೇನಿ.”

ಬಾಗುವವನು ಎಲ್ಲಕ್ಕೂ ಬಾಗುತ್ತಾನೆ ಎಂದು ತಿಳಿಯುವುದು ನಮ್ಮಂಥವರ ಮೂರ್ಖತನ. ತನ್ನ ಮಾನ ಹೋದರೂ ಅವನಿಗೆ ನೋವಿರಲಿಲ್ಲ, ಸುಳ್ಳು ಮಾತ್ರ ಆಡಲಾರ. ನನಗೆ ಅಂದು ಅದು ಸೊಕ್ಕಿನಂತೆ ಕಂಡಿತು. ಮುಂದಿನ ರವಿವಾರ ಸಭೆಯ ಮುಂದೆ ಅವನ ಶಿಕ್ಷೆಯನ್ನು ಓದಿ ಹೇಳಿದೆ.

ಅಂದಿನಿಂದ ಭೋಜನದ ರವಿವಾರಗಳಲ್ಲಿ ಅವನು ದೇವಾಲಯದ ಅಂಗಳವನ್ನೂ ಬಿಟ್ಟು ರಸ್ತೆಯಾಚೆ ಕೂತ. ದೂರದವರು ಹರಿದ ಚಪ್ಪಲಿಯನ್ನು ಅಲ್ಲೇ ಬಿಟ್ಟು ಬರಿಗಾಲಲ್ಲಿ ರಸ್ತೆ ದಾಟಿ ಬರುತ್ತಿದ್ದರು. ಒಳಗೆ ರೊಟ್ಟಿ ಹಂಚುವ ಹೊತ್ತಿಗೆ ಹಾಡು ಏಳುತ್ತದೆ. ಆ ಹಾಡು ಕೇಳಿಸಿದ್ದೇ ಅವನು ಕೈಯಲ್ಲಿದ್ದದ್ದನ್ನು ಕೆಳಗಿಟ್ಟು, ರುಮಾಲು ತೆಗೆದು, ಎದ್ದು ನಿಲ್ಲುತ್ತಿದ್ದ. ಕಿಟಕಿಯಿಂದ ನನಗೆ ಕಾಣುತ್ತಿತ್ತು. ಪಾತ್ರೆ ಎಲ್ಲರಿಗೂ ಮುಟ್ಟಿ ಹಾಡು ನಿಲ್ಲುವವರೆಗೂ ನಿಂತೇ ಇರುತ್ತಿದ್ದ. ಮರೆವ್ವ ಒಳಗೆ ಬರುತ್ತಿದ್ದಳು, ಅವನೇ ಕಳಿಸುತ್ತಿದ್ದ. ಹೊಳೆಪ್ಪ ಎರಡು ಸಲ ನನ್ನ ಮನೆಗೆ ಬಂದು, ಮುದುಕನಿಗೆ ಆ ತುಣುಕು ರೊಟ್ಟಿಯೇ ಜೀವ, ಬಿಟ್ಟುಬಿಡಿರಿ ಎಂದು ಬೇಡಿಕೊಂಡ. ಅವನು ಬಂದು ಒಂದು ಮಾತು ಅನ್ನಲಿ ಎಂದೆ ನಾನು. ಹಳ್ಳಿಗಳಿಗೆ ಹೋಗುವಾಗ ಮಾತ್ರ ಅವನು ಮೊದಲಿನಂತೆಯೇ ಬಂದು ಕುರ್ಚಿ ಹೊರುತ್ತಿದ್ದ. ಬೇಡ ಎನ್ನುವಷ್ಟು ನಾಚಿಕೆಯೂ ನನಗೆ ಇರಲಿಲ್ಲ.

ಹೀಗೆ ಹದಿನೇಳು ತಿಂಗಳು, ಹದಿನೇಳು ಭೋಜನ.

1929ರ ಜುಲೈ. ಜಡಿಮಳೆಯಲ್ಲಿ ಮೂಡಲಗಿಯಿಂದ ನೆನೆದು ಬಂದವನಿಗೆ ಜ್ವರ ಹತ್ತಿತು, ಎದೆ ಕಟ್ಟಿತು. ಉಳಿಯುವುದಿಲ್ಲ ಎಂದು ಗಿರಣಿಯ ಡಾಕ್ಟರು ಹೇಳಿದ್ದನ್ನು ಹೊಳೆಪ್ಪ ಗುರುವಾರ ಬಂದು ನನಗೆ ತಿಳಿಸಿದ. ಅಂದೇ ಮಧ್ಯಾಹ್ನ ರೊಟ್ಟಿ, ಪಾತ್ರೆಯ ಪೆಟ್ಟಿಗೆ ತೆಗೆದುಕೊಂಡು ಅವನ ಗುಡಿಸಲಿಗೆ ಹೋದೆ. ನನ್ನ ಮನೆಯಿಂದ ಐದು ನಿಮಿಷದ ದಾರಿ. ಐದು ವರ್ಷದಲ್ಲಿ ಅದೇ ಮೊದಲ ಸಲ ಹೋದದ್ದು. ಕೌದಿಯ ಮೇಲೆ ಮಲಗಿದ್ದ. ನನ್ನನ್ನು ಕಂಡು ಏಳಲು ಹೋದ, ಮರೆವ್ವ ಹಿಡಿದುಕೊಂಡಳು. ನಾನು ನೆಲದ ಮೇಲೆ ಕೂತು ಪೆಟ್ಟಿಗೆ ತೆರೆದೆ. ಅವನು ರೊಟ್ಟಿಯನ್ನು ನೋಡಿದ. ಹಸಿದವರು ನೋಡುವುದನ್ನು ನಾನು ಬಹಳ ಕಂಡಿದ್ದೇನೆ, ಅಂಥ ನೋಟ ಕಂಡಿಲ್ಲ. ನೋಡಿ, ಕೈ ಮುಂದೆ ಚಾಚಲಿಲ್ಲ.

“ನಾ ಇನ್ನೂ ಶಿಕ್ಷಾದಾಗ ಅದೀನ್ರಿ” ಅಂದ.

ಅದನ್ನು ಈಗಲೇ ತೆಗೆದೆ ಎಂದೆ.

“ಸಭಿ ಮುಂದ ಹಾಕಿದ್ದು ಸಭಿ ಮುಂದ ತಗೀಬೇಕ್ರಿ ಸಾಹೇಬ್ರ. ಇಲ್ಲಿ ಕದ್ದು ತಿಂದಂಗ ಆಗತೈತಿ.” ಕೆಮ್ಮು ಬಂತು, ನಿಂತಿತು. “ಐತವಾರ ಹೇಳಿ ಬರ್ರಿ. ಅಲ್ಲೀತನಾ ಇರತೇನಿ.”

ನನ್ನ ನಿಯಮವನ್ನು ನನಗಿಂತ ನಿಷ್ಠೆಯಿಂದ ಅವನು ಕಾಯ್ದಿದ್ದ. ನನ್ನ ಕಣ್ಣು ತುಂಬಿ ಬಂತು, ಅದು ಸುಳ್ಳಲ್ಲ. ರವಿವಾರ ಸಭೆಯ ಮುಂದೆ ನಿಂತು ತಪ್ಪು ನನ್ನದೇ ಎಂದು ಹೇಳುತ್ತೇನೆ, ಹೇಳಿ ನೇರವಾಗಿ ರೊಟ್ಟಿ ತರುತ್ತೇನೆ ಎಂದು ಅವನ ಕೈಹಿಡಿದು ಮಾತು ಕೊಟ್ಟೆ. ಅವನ ಅಂಗೈ ಬರಿ ಗಂಟು ಗಂಟು.

ಶನಿವಾರ ಬೆಳಗಾವಿಯಿಂದ ಕಾಗದ ಬಂತು. ಮಿಶನ್ನಿನ ಮುಖ್ಯಸ್ಥರಾದ ದೊಡ್ಡ ಸಾಹೇಬರು ರವಿವಾರದ ಆರಾಧನೆಗೆ ಬರುವವರಿದ್ದಾರೆ. ಬೆಳಗಾವಿಯ ದೊಡ್ಡ ಸಭೆಗೆ ಪಾದ್ರಿ ಬೇಕಾಗಿದ್ದಾರೆ, ನನ್ನ ಹೆಸರು ಮುಂದಿದೆ, ನನ್ನ ಪ್ರಸಂಗ ಕೇಳಿ ನಿರ್ಧರಿಸುತ್ತಾರೆ. ನಾನು ಶನಿವಾರವಿಡೀ ಮನೆಯಲ್ಲಿ ಅಡ್ಡಾಡಿದೆ. ಅವರೆದುರಿಗೆ ನಿಂತು, ಒಬ್ಬ ಬಡವನಿಗೆ ಹೊಟ್ಟೆಕಿಚ್ಚಿನಿಂದ ಹದಿನೇಳು ತಿಂಗಳು ಭೋಜನ ತಪ್ಪಿಸಿದೆ ಎಂದು ಹೇಳಬೇಕೆ? ಒಂದು ವಾರ ತಡವಾದರೆ ಏನಾದೀತು? ಮುಂದಿನ ರವಿವಾರ ಹೇಗೂ ಭೋಜನದ ರವಿವಾರ, ಅಂದೇ ಹೇಳಿದರೆ ಶೋಭೆ. ಸೈತಾನನಿಗೂ ಪಂಚಾಂಗ ನೋಡಲು ಬರುತ್ತದೆ.

ರವಿವಾರ ಬೆಳಿಗ್ಗೆ ಸಾಹೇಬರು ಮುಂದೆ ಕೂತರು. ಹಿಂದೆ ಹೊಸ್ತಿಲ ಹತ್ತಿರ ಮರೆವ್ವ ಕೂತಿದ್ದಳು. ಗಂಡನನ್ನು ಬಾಜೂ ಮನೆಯವರ ವಶಕ್ಕೆ ಬಿಟ್ಟು, ನಾನು ಹೇಳುವ ಒಂದು ಮಾತು ಒಯ್ಯಲು ಬಂದಿದ್ದಳು. ಪ್ರಸಂಗ ಚೆನ್ನಾಗಿ ಆಯಿತು. ಕೊನೆಯ ಪ್ರಾರ್ಥನೆಗೆ ಮೊದಲು ಅವಳನ್ನು ನೋಡಿದೆ. ಅವಳು ಎದ್ದು ನಿಂತು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ನಾನು ಕಣ್ಣು ಮುಚ್ಚಿ ಕೈ ಎತ್ತಿ ಆಶೀರ್ವಾದ ಹೇಳಿಬಿಟ್ಟೆ. ಕಣ್ಣು ತೆರೆಯುವಷ್ಟರಲ್ಲಿ ಅವಳು ಹೋಗಿದ್ದಳು. ಹೊಳೆಪ್ಪನ ಮನೆಯಲ್ಲಿ ಸಾಹೇಬರೊಂದಿಗೆ ಕೋಳಿಸಾರಿನ ಊಟ ಆಯಿತು. ಬೆಳಗಾವಿಗೆ ಬರಲು ತಯಾರಾಗಿರಿ ಎಂದು ಹೇಳಿ ಅವರು ಹೋದರು.

ಮಂಗಳವಾರ ಸಂಜೆ ಸೋಮಪ್ಪ ಸತ್ತ.

ಬುಧವಾರ ಮಣ್ಣು ಮಾಡಿದೆವು. ಹುಕ್ಕೇರಿಯಿಂದ, ಹತ್ತರಗಿಯಿಂದ, ಮೂಡಲಗಿಯಿಂದ ಜನ ಬಂದರು. ಗೌಡರ ಮನೆಯವರೂ ದೂರ ನಿಂತಿದ್ದರು. ಮುಂದಿನ ರವಿವಾರ ನಾನು ಸಭೆಯ ಮುಂದೆ ನಿಂತೆ. ಶಿಕ್ಷೆ ಹಾಕಿದ್ದು ತಪ್ಪು, ಹೊಟ್ಟೆಕಿಚ್ಚಿನಿಂದ ಹಾಕಿದ್ದು, ತೆಗೆಯುತ್ತೇನೆಂದು ಮಾತು ಕೊಟ್ಟು ಹೆದರಿ ಮುಂದೂಡಿದ್ದು ಅದಕ್ಕಿಂತ ದೊಡ್ಡ ತಪ್ಪು ಎಂದು ಎಲ್ಲವನ್ನೂ ಹೇಳಿದೆ. ಅತ್ತೆ. ಜನರೂ ಅತ್ತರು. ಹೊಳೆಪ್ಪ ಎದ್ದು ಬಂದು ನನ್ನ ಕೈಹಿಡಿದು, ಇಂಥ ನಮ್ರ ಪಾದ್ರಿ ನಮಗೆ ಸಿಕ್ಕದ್ದು ಪುಣ್ಯ ಅಂದ. ಪತ್ರಿಕೆಯಲ್ಲಿ ಬಂದದ್ದು ಇಲ್ಲಿಯವರೆಗೆ.

ಆಮೇಲೆ ಹೊಸ್ತಿಲ ಹತ್ತಿರದಿಂದ ಮರೆವ್ವ ಎದ್ದಳು. ಸಭೆಯಲ್ಲಿ ಹೆಂಗಸರು ಎದ್ದು ಮಾತಾಡುವ ರೂಢಿ ಇರಲಿಲ್ಲ. ಎಲ್ಲರೂ ತಿರುಗಿ ನೋಡಿದರು.

“ಸಾಹೇಬ್ರ, ನಂದೂ ಒಂದು ತಪ್ಪ ಐತ್ರಿ” ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. “ಹ್ವಾದ ಐತವಾರ ನಾ ಮನಿಗಿ ಹೋದಕೂಡ್ಲೆ, ಸಾಹೇಬ್ರು ಹೇಳಿದ್ರೇನ ಅಂತ ಅವರು ಕೇಳಿದ್ರು. ಹೂಂ, ಹೇಳಿದ್ರು ಅಂತ ಸುಳ್ಳ ಹೇಳಿದ್ನಿ. ಅವರಿಗಿ ಭಾಳ ಸಂತೋಷ ಆತು. ಹಂಗಾರ ರೊಟ್ಟಿ ತಗೊಂಡ ಬರ್ತಾರು, ನನ್ನ ಬಾಯಿ ತೊಳಿ ಅಂದ್ರು. ತೊಳದು, ಗ್ವಾಡಿಗಿ ಆನಿಸಿ ಕುಂಡ್ರಿಸಿದ್ನಿ. ಸೋಮವಾರ ಇಡೀ ದಿನಾ ಹಾದಿ ನೋಡಿದ್ರು. ಮಂಗಳವಾರನೂ ನೋಡಿದ್ರು. ಸಾಹೇಬ್ರಿಗಿ ಕೆಲಸ ಭಾಳ ಇರತಾವು, ಅದಕ ತಡಾ ಆಗೇತಿ ಅಂದ್ರು. ಅಷ್ಟ ಅಂದು ಹ್ವಾದ್ರು.” ಸೆರಗು ಸರಿಮಾಡಿಕೊಂಡಳು. “ಸುಳ್ಳಿಗಿ ಎಷ್ಟ ತಿಂಗಳ ಶಿಕ್ಷಾ ಐತಿ ನೋಡ್ರಿ, ಹಾಕ್ರಿ.”

ಆ ಸುಳ್ಳು ಅವಳದಲ್ಲ, ನಾನು ಅವಳ ಬಾಯಿಂದ ಹೇಳಿಸಿದ್ದು. ಸತ್ಯಕ್ಕಾಗಿ ಹದಿನೇಳು ತಿಂಗಳು ಹೊರಗೆ ಕೂತವನು ಕೊನೆಗೆ ನನ್ನಿಂದಾಗಿ ಒಂದು ಸುಳ್ಳನ್ನು ನಂಬಿ ಕಾಯುತ್ತ ಸತ್ತ.

ಹೊಸ ಪಾದ್ರಿಗಳೇ, ಸಾಹೇಬರಿಗೆ ಕೆಲಸ ಬಹಳ ಎಂದು ಅವನು ನನ್ನ ಪರವಾಗಿ ಹೇಳಿದ್ದನ್ನು ಕೇಳಿದಾಗಿನಿಂದ ನಾನು ಆ ಎರಡು ದಿನ ಏನು ಮಾಡಿದೆ ಎಂದು ನೆನಪಿಸಿಕೊಳ್ಳುತ್ತಲೇ ಇದ್ದೇನೆ. ಅವನ ಮುಖ ನೋಡಲು ನಾಚಿಕೆಯಾಗಿ ಬಾಗಿಲು ಹಾಕಿಕೊಂಡು ಮನೆಯಲ್ಲಿದ್ದೆ. ಆ ಸೋಮವಾರ, ಆ ಮಂಗಳವಾರ ನನಗೆ ಯಾವ ಕೆಲಸವೂ ಇರಲಿಲ್ಲ.